ಉಪ್ಪಿನಕಾಯಿ ಜಾಡಿ ಅಂತ ಕೊಂಡು ತಂದೆ, ಹಾಸಿಗೆಯೊಳಗೆ ಇಡೋದಂತೆ!

ಕಾವೇರಿದಂಡೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಈಗ ಇರೋದು ಎಡಿನ್‌ಬರಾದಲ್ಲಿ. ಇಲ್ಲಿ ಇದು ನನ್ನ ಎರಡನೇ ಚಳಿಗಾಲ.

ಕಳೆದ ಶನಿವಾರ ಒಂದು ಹಳೇ ಸಾಮಾನಿನ ಅಂಗಡಿಗೆ ಸುಮ್ನೆ ಹೋಗಿದ್ದೆ. ಮೂಲೆಯಲ್ಲಿ ಧೂಳು ಹಿಡಿದ ಜಾಡಿಯೊಂದು ಕಂಡಿತು. ಅರ್ಧ ಕಂದು, ಅರ್ಧ ಕೆನೆ ಬಣ್ಣ. ಅಜ್ಜಿ ಮನೆಯ ಮಾವಿನಕಾಯಿ ಜಾಡಿಯ ತಂಗಿಯ ಹಾಗಿತ್ತು. ಬೆಲೆಯೂ ಕಮ್ಮಿ. ಹಿಂದೆ ಮುಂದೆ ನೋಡದೆ ಕೊಂಡುಬಿಟ್ಟೆ. ಈ ಸಲ ನಿಂಬೆಕಾಯಿ ಹಾಕೋಣ ಅಂತ ಬಸ್ಸಿನಲ್ಲೇ ಉಪ್ಪು ಖಾರದ ಲೆಕ್ಕ ಹಾಕಿದೆ.

ಮನೆಯಲ್ಲಿ ತೊಳೆಯುವಾಗ ಅನುಮಾನ ಶುರುವಾಯಿತು. ಬಾಯಿ ನೆತ್ತಿಯ ಮೇಲಿಲ್ಲ, ಹೊಟ್ಟೆಯ ಮೇಲಿದೆ. ಅದೂ ಎರಡು ಬೆರಳು ತೂರುವಷ್ಟು. ನಿಂಬೆಹೋಳು ಹಾಕೋದು ಹೇಗೆ, ತೆಗೆಯೋದು ಹೇಗೆ? ಮುಚ್ಚಳಕ್ಕೆ ತಿರುಪು ಇದೆ. ಒಂದು ತುದಿಯಲ್ಲಿ ಗುಂಡನೆಯ ಹಿಡಿ. ಅಡ್ಡ ಮಲಗಿಸಿದರೆ ಉರುಳದ ಹಾಗೆ ಒಂದು ಮಗ್ಗುಲು ಚಪ್ಪಟೆ. ಇನ್ನಷ್ಟು ಉಜ್ಜಿದ ಮೇಲೆ ಅಕ್ಷರ ಎದ್ದು ಬಂದವು: ‘ಡೌಲ್ಟನ್ಸ್ ಇಂಪ್ರೂವ್ಡ್ ಫೂಟ್ ವಾರ್ಮರ್’. ಕೆಳಗೆ ಲ್ಯಾಂಬೆತ್, ಲಂಡನ್ ಅಂತ.

ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. ನೋಡಿದ ಕೂಡಲೇ ನಕ್ಕು, “ಓ, ಪಿಗ್!” ಅಂದರು. ಹಂದಿ! ಸ್ಕಾಟ್ಲೆಂಡಿನಲ್ಲಿ ಮಣ್ಣಿನ ಪಾತ್ರೆಗೆ ಪಿಗ್ ಅನ್ನೋದು ಹಳೇ ಮಾತಂತೆ. ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಹಾಸಿಗೆಯಲ್ಲಿ ಕಾಲ ಹತ್ತಿರ ಇಡೋದು. ಅವರ ಚಿಕ್ಕಂದಿನಲ್ಲಿ ಮೂರು ಮಕ್ಕಳಿಗೆ ಒಂದೇ ಹಾಸಿಗೆ, ಒಂದೇ ಪಿಗ್. ಯಾರ ಕಾಲು ಅದರ ಮೇಲಿರಬೇಕು ಅಂತ ಕತ್ತಲಲ್ಲೇ ಜಗಳ. ಇಂಗ್ಲೆಂಡಿನಿಂದ ಬಂದ ಹೆಂಗಸಿಗೆ ಹೋಟೆಲಿನ ಹುಡುಗಿ “ಹಾಸಿಗೆಗೆ ಹಂದಿ ಹಾಕಲಾ ಅಮ್ಮಾ?” ಅಂತ ಕೇಳಿ ಆಕೆ ಹೌಹಾರಿದ ಹಳೇ ಜೋಕನ್ನೂ ಹೇಳಿದರು.

ನನ್ನ ಪ್ರಶ್ನೆ ಎರಡು. ಇದಕ್ಕೂ ಮುಂಚೆ ಇವರೆಲ್ಲ ಹಾಸಿಗೆ ಹೇಗೆ ಬಿಸಿ ಮಾಡಿಕೊಳ್ಳುತ್ತಿದ್ದರು? ಮತ್ತೆ ನಮ್ಮ ಕಡೆ ಇಂಥದ್ದು ಏನಾದರೂ ಇತ್ತಾ? ನಾನು ಕಂಡದ್ದು ಸೊಂಟ ನೋವಿಗೆ ಬಳಸುವ ರಬ್ಬರ್ ಬ್ಯಾಗು ಮಾತ್ರ.

ಹಿತ್ತಾಳೆಹುಚ್ಚ

ಒಳ್ಳೇ ಮಾಲೇ ಹೊಡೆದಿದ್ದೀರಿ ಮೇಡಂ. ನಾನು ಹಳೇ ಹಿತ್ತಾಳೆ, ತಾಮ್ರದ ಸಾಮಾನಿನ ಹುಚ್ಚ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಿಮ್ಮ ಜಾಡಿಗಿಂತ ಮುಂಚೆ ಇದ್ದದ್ದು ವಾರ್ಮಿಂಗ್ ಪ್ಯಾನ್. ಅಗಲವಾದ ಬಾಣಲೆ, ಅದಕ್ಕೆ ಕೀಲಿನ ಮುಚ್ಚಳ, ಮೂರು ನಾಲ್ಕು ಅಡಿ ಉದ್ದದ ಹಿಡಿ. ಬಾಣಲೆಯೊಳಗೆ ಒಲೆಯ ಕೆಂಡ. ಇಂಗ್ಲೆಂಡಿನಲ್ಲಿ 16, 17ನೇ ಶತಮಾನದ ಉಳ್ಳವರ ಮನೆಗಳಲ್ಲಿ ಇದು ಮಾಮೂಲಿ. ಹಳೆಯವಕ್ಕೆ ಕಬ್ಬಿಣದ ಹಿಡಿ, ಆಮೇಲಿನವಕ್ಕೆ ಮರದ್ದು. ಮುಚ್ಚಳದ ಮೇಲೆ ಹೂ ಬಳ್ಳಿ ಕೊರೆದಿರುತ್ತಾರೆ. ಹಳೇ ಮುಚ್ಚಳಗಳಲ್ಲಿ ತೂತುಗಳಿರುತ್ತವೆ. ಅಂದಕ್ಕೂ ಹೌದು, ಕೆಂಡ ಆರದ ಹಾಗೆ ಗಾಳಿಯಾಡುವುದಕ್ಕೂ ಹೌದು.

ಇದನ್ನು ಹಾಸಿಗೆಯಲ್ಲಿ ಇಟ್ಟು ಮಲಗುತ್ತಿದ್ದರು ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಹಾಗೆ ಇಟ್ಟರೆ ಎರಡೇ ನಿಮಿಷಕ್ಕೆ ಹೊದಿಕೆಗೆ ತೂತು ಬೀಳುತ್ತದೆ. ನಮ್ಮ ಬೀದಿ ಕೊನೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದವರನ್ನು ನೆನೆಸಿಕೊಳ್ಳಿ. ಕೈ ನಿಲ್ಲಿಸಿದರೆ ಬಟ್ಟೆ ಹೋಯಿತು, ಅಲ್ವಾ? ಇದೂ ಹಾಗೇ. ಕೆಲಸದ ಹುಡುಗಿ ಕೆಳಗಿನ ಅಡುಗೆಮನೆಯಿಂದ ಕೆಂಡ ತುಂಬಿಕೊಂಡು ಮೆಟ್ಟಿಲು ಹತ್ತಬೇಕು. ಎರಡು ದುಪ್ಪಟಿಗಳ ನಡುವೆ ಪ್ಯಾನು ತೂರಿಸಿ ತಲೆದಿಂಬಿನ ಕಡೆಯಿಂದ ಕಾಲಿನ ಕಡೆಗೆ ಎಳೆದಾಡುತ್ತಲೇ ಇರಬೇಕು. ಅವಳು ಅದನ್ನು ಹೊರಗೆ ತೆಗೆಯೋದಕ್ಕೂ ಯಜಮಾನರು ಒಳಗೆ ನುಗ್ಗೋದಕ್ಕೂ ಸರಿಹೋಗಬೇಕು. ತಡವಾದರೆ ಬಿಸಿ ಹಾರಿಹೋಯಿತು. ಕಲ್ಲಿದ್ದಲಿನ ಕೆಂಡವಾದರೆ ಗಂಧಕದ ವಾಸನೆ ಬರುತ್ತದೆಂದು ಮೇಲೆ ಒಂದು ಹಿಡಿ ಉಪ್ಪು ಉದುರಿಸುತ್ತಿದ್ದರು. ಆ ಹುಡುಗಿ ಮಾತ್ರ ಎಂಥ ಹಾಸಿಗೆಯಲ್ಲಿ ಮಲಗುತ್ತಿದ್ದಳೋ! ಅವಳ ಹಾಸಿಗೆಗೆ ಯಾರೂ ಪ್ಯಾನು ಎಳೆದಿರಲಾರರು.

ಬೆಳ್ಳಿಯದನ್ನೂ ಮಾಡುತ್ತಿದ್ದರು. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ 1669ರ ಹೊಸ ವರ್ಷದ ದಿನ ಒಬ್ಬ ಕ್ಯಾಪ್ಟನ್ ಬೆಳ್ಳಿಯ ವಾರ್ಮಿಂಗ್ ಪ್ಯಾನ್ ತಂದು ಕೊಟ್ಟದ್ದನ್ನು ಬರೆದಿದ್ದಾನೆ. ತೆಗೆದುಕೊಳ್ಳಲೋ ಬೇಡವೋ ಅಂತ ಅವನಿಗೆ ಅನುಮಾನ. ಸರ್ಕಾರಿ ಕುರ್ಚಿಯಲ್ಲಿ ಕೂತವನಿಗೆ ಹೊಸ ವರ್ಷದ ಉಡುಗೊರೆ ಯಾಕೆ ಬರುತ್ತದೆ ಅನ್ನೋದು ನಮಗೆ ಬಿಡಿಸಿ ಹೇಳಬೇಕಾ!

ಸುಮ್ನೆಬಂದೆ

ದೀಪಾವಳಿಗೆ ಡ್ರೈಫ್ರೂಟ್ಸ್ ಡಬ್ಬ ಕಳಿಸಿದ ಹಾಗೆ. ಮುಂದುವರೆಸಿ ಸಾರ್.

ಹಿತ್ತಾಳೆಹುಚ್ಚ

ಕೇಳಿದ್ದೇ ತಪ್ಪಾಯಿತು ನೋಡಿ. ಈ ಬಾಣಲೆಯ ದೆಸೆಯಿಂದ ಒಬ್ಬ ರಾಜನ ಸಿಂಹಾಸನವೇ ಅಲ್ಲಾಡಿತು.

1688ರ ಜೂನ್ 10. ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆ. ಎರಡನೇ ಜೇಮ್ಸ್ ದೊರೆಯ ರಾಣಿ ಮೇರಿ ಗಂಡುಮಗು ಹೆತ್ತಳು. ದೊರೆ ಕ್ಯಾಥೊಲಿಕ್, ದೇಶದ ತುಂಬಾ ಪ್ರಾಟೆಸ್ಟಂಟರು. ಅಲ್ಲಿಯವರೆಗೆ ಪಟ್ಟ ಸಲ್ಲಬೇಕಾಗಿದ್ದದ್ದು ಮೊದಲ ಹೆಂಡತಿಯ ಪ್ರಾಟೆಸ್ಟಂಟ್ ಹೆಣ್ಣುಮಕ್ಕಳಿಗೆ. ಈಗ ಗಂಡು ಹುಟ್ಟಿದರೆ ಕ್ಯಾಥೊಲಿಕ್ ವಂಶವೇ ಮುಂದುವರೆಯುತ್ತದೆ. ವಿರೋಧಿಗಳು ಸುದ್ದಿ ಹಬ್ಬಿಸಿದರು: ರಾಣಿಗೆ ಮಗು ಹುಟ್ಟಿಯೇ ಇಲ್ಲ, ಯಾರದೋ ಕೂಸನ್ನು ವಾರ್ಮಿಂಗ್ ಪ್ಯಾನಿನಲ್ಲಿಟ್ಟು ಹೆರಿಗೆ ಕೋಣೆಗೆ ಸಾಗಿಸಿದರು ಅಂತ. ಹೆರಿಗೆಯ ಹೊತ್ತಿಗೆ ಕೋಣೆಯಲ್ಲಿ ಮಂತ್ರಿಗಳು, ದೊಡ್ಡ ಮನೆತನದ ಹೆಂಗಸರು, ಸೂಲಗಿತ್ತಿ ಎಲ್ಲ ತುಂಬಿದ್ದರು. ಆದರೂ ಜನ ನಂಬಿದರು. ಬಿಸಿ ಪ್ಯಾನು ಒಳಗೆ ಹೋದದ್ದನ್ನು ಕಂಡವರಿದ್ದರಲ್ಲ, ಅಷ್ಟೇ ಸಾಕಾಯಿತು. ಅಕ್ಟೋಬರ್ 22ರಂದು ದೊರೆ ಸಭೆ ಸೇರಿಸಿ ನಲವತ್ತಕ್ಕೂ ಹೆಚ್ಚು ಜನರಿಂದ ಸಾಕ್ಷಿ ಹೇಳಿಸಿದ. ತನ್ನ ಮಗು ತನ್ನದೇ ಅಂತ ದೊರೆ ಸಾಬೀತು ಮಾಡಬೇಕಾದ ಗತಿ! ಏನೂ ಪ್ರಯೋಜನವಾಗಲಿಲ್ಲ. ನವೆಂಬರಿನಲ್ಲಿ ಅಳಿಯ ವಿಲಿಯಂ ಹಾಲೆಂಡಿನಿಂದ ಸೈನ್ಯದ ಜೊತೆ ಬಂದಿಳಿದ. ಡಿಸೆಂಬರಿನಲ್ಲಿ ಮಾವ ಫ್ರಾನ್ಸಿಗೆ ಓಡಿದ.

ಪ್ಯಾನು ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಾಲದ ವ್ಯಂಗ್ಯಚಿತ್ರಗಳಲ್ಲೆಲ್ಲ ಅದೇ ಬಾಣಲೆ.

ಗದಗಿನ ಗೌಡ್ತಿ

ಅಲ್ಲ, ಹಸುಗೂಸು ಆ ಬಾಣಲೆಯಲ್ಲಿ ಹಿಡಿಯುತ್ತಿತ್ತಾ? ನನಗೆ ಅಷ್ಟು ಹೇಳಿ.

ಹಿತ್ತಾಳೆಹುಚ್ಚ

ಗೌಡ್ತಿ ಅಕ್ಕ, ಅಗಲ ಹೆಚ್ಚೆಂದರೆ ಒಂದಡಿ, ಆಳ ನಾಲ್ಕೈದು ಬೆರಳು. ಮುಚ್ಚಳ ಹಾಕಬೇಕು ಬೇರೆ. ಮಗು ಅಳಲೂ ಬಾರದು. ನೀವು ಇಬ್ಬರು ಮಕ್ಕಳನ್ನು ಹೆತ್ತವರು, ನೀವೇ ಹೇಳಿ.

ಗದಗಿನ ಗೌಡ್ತಿ

ನನ್ನ ದೊಡ್ಡ ಮಗ ಹುಟ್ಟಿದಾಗ ಕೊಪ್ಪರಿಗೆಯಲ್ಲೂ ಹಿಡಿಯುತ್ತಿರಲಿಲ್ಲ. ಸುಳ್ಳು ಬಿಡಿ.

ಕಾವೇರಿದಂಡೆ ಅವರ ಎರಡನೇ ಪ್ರಶ್ನೆಗೆ ನನ್ನದು ಒಂದು ಮಾತು. ನಮ್ಮ ಕಡೆ ಹಾಸಿಗೆ ಬಿಸಿ ಮಾಡುವ ಪದ್ಧತಿ ಇತ್ತು, ಆದರೆ ಬಾಣಂತಿಗೆ ಮಾತ್ರ. ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. ಹಗ್ಗದ ಸಂದಿನಿಂದ ಕಾವು ಬೆನ್ನಿಗೆ ಬಡಿಯುತ್ತದೆ. ನನ್ನ ಬಾಣಂತನ ಆದದ್ದು ಏಪ್ರಿಲ್ ತಿಂಗಳಲ್ಲಿ. ಹೊರಗೆ ಗದಗಿನ ಬಿಸಿಲು, ಕೆಳಗೆ ಕೆಂಡ, ಮೇಲೆ ಕೌದಿ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಫ್ಯಾನ್ ಹಾಕು ಅಂದರೆ ಅವ್ವ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. ಇಂಗ್ಲೆಂಡಿನ ರಾಣಿಗೆ ಜೂನ್ ತಿಂಗಳಲ್ಲಿ ಬಾಣಲೆ ಬಿಸಿ ಯಾಕೆ ಬೇಕಿತ್ತು ಅಂತ ಅಲ್ಲಿನವರು ಅನುಮಾನ ಪಟ್ಟಿದ್ದರೆ, ನಮ್ಮ ಅವ್ವ ಮಾತ್ರ ಪಡುತ್ತಿರಲಿಲ್ಲ.

ತೀರ್ಥಹಳ್ಳಿ ತಿರುಕ

ಎಲ್ಲರೂ ಚಳಿ ಚಳಿ ಅನ್ನುತ್ತಿದ್ದೀರಿ. ಮಲೆನಾಡಿನವನಾಗಿ ಹೇಳುತ್ತೇನೆ, ಹಾಸಿಗೆಗೆ ನಿಜವಾದ ಶತ್ರು ತೇವ.

ನಮ್ಮಲ್ಲಿ ಆಷಾಢದಲ್ಲಿ ಹದಿನೈದು ದಿನ ಬಿಸಿಲೇ ಕಾಣುವುದಿಲ್ಲ. ಹಾಸಿಗೆಗೆ ಕೈಯಿಟ್ಟರೆ ನಾಯಿ ಮೂಗು ಮುಟ್ಟಿದ ಹಾಗಿರುತ್ತದೆ. ಬಟ್ಟೆಗೆ ಬೂಷ್ಟು. ನಾವು ಮಕ್ಕಳು ಮಲಗುವ ಮುಂಚೆ ಕಂಬಳಿಯನ್ನು ಬಚ್ಚಲೊಲೆಯ ಮುಂದೆ ಅಗಲಿಸಿ ಹಿಡಿಯುತ್ತಿದ್ದೆವು. ಒಂದು ಕಡೆ ಬಿಸಿಯಾದ ಮೇಲೆ ತಿರುಗಿಸಿ ಇನ್ನೊಂದು ಕಡೆ. ಕಂಬಳಿಯಿಂದ ಹಬೆ ಏಳುತ್ತಿತ್ತು, ಉಣ್ಣೆಯ ವಾಸನೆ, ಹೊಗೆಯ ವಾಸನೆ. ಆಮೇಲೆ ಅದನ್ನು ಮುದ್ದೆ ಮಾಡಿ ಎದೆಗವಚಿಕೊಂಡು ಕತ್ತಲ ಜಗಲಿ ದಾಟಿ ಒಂದೇ ಓಟ. ಹಾಸಿಗೆ ತಲುಪುವಷ್ಟರಲ್ಲಿ ಅರ್ಧ ಬಿಸಿ ಹೋಗಿರುತ್ತಿತ್ತು. ಅಲ್ಲಿ ಪ್ಯಾನು ಹಾಸಿಗೆಯ ಹತ್ತಿರ ಹೋಗುತ್ತಿತ್ತು, ಇಲ್ಲಿ ಹೊದಿಕೆಯೇ ಒಲೆಯ ಹತ್ತಿರ ಹೋಗುತ್ತಿತ್ತು.

ಇಂಗ್ಲೆಂಡೂ ತೇವದ ಊರೇ ತಾನೇ? ಆ ಬಾಣಲೆ ಎಳೆದಾಡಿದ್ದು ಬಿಸಿಗಿಂತ ಜಾಸ್ತಿ ಒಣಗಿಸೋದಕ್ಕೇ ಇರಬೇಕು.

ಹಿತ್ತಾಳೆಹುಚ್ಚ

ತಿರುಕರೇ, ನೀವು ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಒದ್ದೆ ಹಾಸಿಗೆ ಅಂದರೆ ಅಲ್ಲಿನ ಪ್ರಯಾಣಿಕರಿಗೆ ಹುಲಿ ಕಂಡಷ್ಟು ಭಯ. ಛತ್ರದಂಥ ‘ಇನ್’ಗಳಲ್ಲಿ ಇಳಿದುಕೊಂಡವರು ಮೊದಲು ಕೇಳುತ್ತಿದ್ದದ್ದೇ ದುಪ್ಪಟಿ ಒಣಗಿದೆಯಾ ಅಂತ. ಜ್ವರ, ಕೆಮ್ಮು ಎಲ್ಲಕ್ಕೂ ಒದ್ದೆ ಹಾಸಿಗೆಯೇ ಕಾರಣ ಅಂತ ನಂಬಿಕೆ.

ಇಟಲಿಯಲ್ಲಿ ಇನ್ನೊಂದು ಉಪಾಯ ಮಾಡಿದ್ದರು. ದೋಣಿಯ ಅಸ್ಥಿಪಂಜರದಂಥ ಮರದ ಚೌಕಟ್ಟು. ಅದನ್ನು ಹಾಸಿಗೆಯೊಳಗೆ ಇಟ್ಟರೆ ಹೊದಿಕೆ ಗುಡಾರದ ಹಾಗೆ ಮೇಲೆದ್ದು ನಿಲ್ಲುತ್ತದೆ. ಚೌಕಟ್ಟಿನ ನಡುವೆ ಕೆಂಡದ ಮಡಕೆ. ಬಟ್ಟೆ ಸುಡುವುದಿಲ್ಲ, ಕೈ ಆಡಿಸುವ ಕೆಲಸವಿಲ್ಲ. ಆ ಚೌಕಟ್ಟಿಗೆ ಅವರು ಇಟ್ಟ ಹೆಸರು ‘ಪ್ರೇತೆ’. ಅಂದರೆ ಪಾದ್ರಿ. ಫ್ರಾನ್ಸಿನಲ್ಲಿ ಇದೇ ಸಾಮಾನಿಗೆ ‘ಮ್ವಾನ್’, ಸನ್ಯಾಸಿ. ಹಾಸಿಗೆಯಲ್ಲಿ ಪಾದ್ರಿಯನ್ನು ಮಲಗಿಸಿದೆವು ಅಂತ ಹಳ್ಳಿಯವರ ತಮಾಷೆ.

ಸುಮ್ನೆಬಂದೆ

ಹಾಸಿಗೆಯಲ್ಲಿ ಪ್ರೇತ! ಇದನ್ನು ನಮ್ಮಮ್ಮನಿಗೆ ಹೇಳಿದರೆ ಮೊದಲು ನಿಂಬೆಹಣ್ಣು ಇಳಿ ತೆಗೆಯುತ್ತಾರೆ.

ಸರಿ, ಕೆಂಡದಿಂದ ನೀರಿಗೆ ಯಾವಾಗ ಬಂದರು? ರಬ್ಬರ್ ಬ್ಯಾಗ್ ಕಂಡುಹಿಡಿದದ್ದು ಆ ಟೈರ್ ಕಂಪನಿ ಗುಡ್‌ಇಯರ್ ತಾನೇ?

ಲೆಕ್ಕದಮೇಷ್ಟ್ರು

ಎರಡು ತಪ್ಪು ಒಂದೇ ವಾಕ್ಯದಲ್ಲಿ. ಚಾರ್ಲ್ಸ್ ಗುಡ್‌ಇಯರ್ ಟೈರ್ ಕಂಪನಿ ಕಟ್ಟಲಿಲ್ಲ. ಅವನು ಸಾಲದಲ್ಲೇ ತೀರಿಕೊಂಡದ್ದು 1860ರಲ್ಲಿ, ಕಂಪನಿ ಶುರುವಾದದ್ದು 1898ರಲ್ಲಿ. ಅವನ ನೆನಪಿಗೆ ಹೆಸರಿಟ್ಟರು, ಅಷ್ಟೇ. ಅವನು ಮಾಡಿದ ದೊಡ್ಡ ಕೆಲಸ ರಬ್ಬರನ್ನು ಗಂಧಕದ ಜೊತೆ ಬೇಯಿಸಿದ್ದು. 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ಮುಂಚೆ ರಬ್ಬರ್ ಅಂದರೆ ಬೇಸಿಗೆಯಲ್ಲಿ ಅಂಟು, ಚಳಿಯಲ್ಲಿ ಕಲ್ಲು. ಅಂಥದ್ದರೊಳಗೆ ಬಿಸಿನೀರು ಹಾಕಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಬೇಯಿಸಿದ ರಬ್ಬರ್ ಬಂದ ಮೇಲೇ ಚೀಲದ ಯೋಚನೆ ಸಾಧ್ಯವಾದದ್ದು.

ಚೀಲಕ್ಕೆ ಪೇಟೆಂಟ್ ಪಡೆದವನು ಅಂತ ಸಾಮಾನ್ಯವಾಗಿ ಹೆಸರು ಬರುವುದು ಈಗಿನ ಕ್ರೊಯೇಷಿಯಾದ ಝಾಗ್ರೆಬ್ ನಗರದ ಎಂಜಿನಿಯರ್ ಸ್ಲಾವೋಲ್ಯುಬ್ ಪೆಂಕಾಲಾ ಅವರದು. 1903, ಹೆಸರು ‘ಟರ್ಮೋಫೋರ್’. ಸೀಸ ಮುಂದಕ್ಕೆ ಬರುವ ಮೆಕ್ಯಾನಿಕಲ್ ಪೆನ್ಸಿಲ್ ಇದೆಯಲ್ಲ, ಅದರ ಒಂದು ಬಗೆಗೆ 1906ರಲ್ಲಿ ಪೇಟೆಂಟ್ ಪಡೆದವರೂ ಅವರೇ. ವಿಮಾನವನ್ನೂ ಕಟ್ಟಿದ್ದರು.

ಇನ್ನು ಕೆಂಡ ಬಿಟ್ಟು ನೀರು ಯಾಕೆ ಅನ್ನೋದಕ್ಕೆ ಲೆಕ್ಕ ಕೊಡುತ್ತೇನೆ. ನೀರು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿ ಆಸಾಮಿ. ಅದೇ ತೂಕದ ಇಟ್ಟಿಗೆಗಿಂತ ಸುಮಾರು ಐದು ಪಟ್ಟು. ಒಂದೂವರೆ ಲೀಟರ್ ನೀರು 65 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಕೊಡುವ ಶಾಖ ಸುಮಾರು 190 ಕಿಲೋಜೂಲ್. ನಿಮ್ಮ ಕೋಣೆಯ 2000 ವ್ಯಾಟ್ ಹೀಟರ್ ಇಷ್ಟನ್ನು ಒಂದೂವರೆ ನಿಮಿಷದಲ್ಲಿ ಖಾಲಿ ಮಾಡುತ್ತದೆ! ಆ ಒಂದೂವರೆ ನಿಮಿಷದ ಶಾಖ ಕೋಣೆಗೆ ಲೆಕ್ಕಕ್ಕೇ ಇಲ್ಲ. ಹೊದಿಕೆಯೊಳಗೆ ಕಾಲ ಹತ್ತಿರ ಇಟ್ಟರೆ ನಿದ್ದೆ ಬರುವವರೆಗೆ ಸಾಕೋ ಸಾಕು. ನಲ್ಲಿಯ 10 ಡಿಗ್ರಿ ನೀರನ್ನು 65ಕ್ಕೆ ಕಾಯಿಸಲು ಒಂದು ಯೂನಿಟ್ ಕರೆಂಟಿನ ಹತ್ತನೇ ಒಂದು ಭಾಗ ಸಾಕು.

ಕೆಂಡದಲ್ಲಿ ಶಾಖ ಎಷ್ಟೋ ಜಾಸ್ತಿ. ನೂರು ಗ್ರಾಂ ಇದ್ದಿಲು ಪೂರ್ತಿ ಉರಿದರೆ 3000 ಕಿಲೋಜೂಲ್. ತೊಂದರೆಯೂ ಅದೇ. ನೀರು 100 ಡಿಗ್ರಿ ದಾಟುವುದಿಲ್ಲ, ಹೊತ್ತು ಕಳೆದಂತೆ ತಣ್ಣಗಾಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ನೀರಿನ ಪಾತ್ರೆಯನ್ನು ಹಾಸಿಗೆಯಲ್ಲಿ ಬಿಟ್ಟು ಮಲಗಬಹುದು.

ಹಿತ್ತಾಳೆಹುಚ್ಚ

ಮೇಷ್ಟ್ರ ಮಾತಿಗೆ ಒಂದು ಒಗ್ಗರಣೆ. ಕೆಂಡದ ಪ್ಯಾನಿಗೆ ಆಳು ಬೇಕು, ಗಟ್ಟಿಯಾಗಿ ಸುಟ್ಟ ಮಣ್ಣಿನ ಈ ಕಲ್ಲುಜಾಡಿಗೆ ಬೇಡ. ಕೆಟಲು ಇದ್ದರೆ ಆಯಿತು. ವಿಕ್ಟೋರಿಯಾ ಕಾಲದಲ್ಲಿ ಡೌಲ್ಟನ್, ಡೆನ್ಬಿಯಂಥ ಕುಂಬಾರಿಕೆ ಕಾರ್ಖಾನೆಗಳು ಇವನ್ನು ರಾಶಿರಾಶಿ ಮಾಡಿದವು. ಆಳಿಲ್ಲದ ಮನೆಯವರೂ ಬೆಚ್ಚಗೆ ಮಲಗಿದ್ದು ಆಗಲೇ. ಪ್ಯಾನುಗಳು ಅಡುಗೆಮನೆ ಗೋಡೆಯ ಮೇಲೆ ಶೋಕಿಗೆ ನೇತುಬಿದ್ದವು.

ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಬಗ್ಗೆ ಒಂದು ಕತೆ ಹೇಳುತ್ತಾರೆ. ಆತ ಹಾಸಿಗೆಯ ಜಾಡಿಗೆ ನೀರಿನ ಬದಲು ಚಹಾ ತುಂಬಿಸುತ್ತಿದ್ದನಂತೆ. ನಡುರಾತ್ರಿ ಎಚ್ಚರವಾದರೆ ಕುಡಿಯಲು.

ಸುಮ್ನೆಬಂದೆ

ನನಗೆ ಫಿಲ್ಟರ್ ಕಾಫಿ ತುಂಬಿದ ಹಾಸಿಗೆ ಬೇಕು.

ಸುಬೇದಾರ ಮಡಿಕೇರಿ

ನಾನು ನಿವೃತ್ತ ಸೈನಿಕ. ಕಾಶ್ಮೀರದಲ್ಲಿ ಎರಡು ಸಲ ಪೋಸ್ಟಿಂಗ್ ಆಗಿತ್ತು. ನಿಮ್ಮ ಚರ್ಚೆಯಲ್ಲಿ ಕಾಂಗ್ಡಿ ಬಾರದಿದ್ದದ್ದು ನೋಡಿ ಬರೆಯುತ್ತಿದ್ದೇನೆ.

ಅಂಗೈಗಿಂತ ಸ್ವಲ್ಪ ದೊಡ್ಡ ಮಣ್ಣಿನ ಕುಡಿಕೆ. ಅದರ ಸುತ್ತ ಬೆತ್ತದಂಥ ಕಡ್ಡಿಯ ಬುಟ್ಟಿ ಹೆಣೆದಿರುತ್ತಾರೆ, ಮೇಲೆ ಹಿಡಿ. ಒಳಗೆ ಇದ್ದಿಲು, ಅದರ ಮೇಲೆ ಬೂದಿ. ಕೆದಕಲು ಒಂದು ಚಿಕ್ಕ ಚಮಚ, ಬುಟ್ಟಿಗೇ ಕಟ್ಟಿರುತ್ತಾರೆ. ಚಿನಾರ್ ಮರದ ಎಲೆ ಉದುರುವ ಕಾಲಕ್ಕೆ ಹೆಂಗಸರು ಅದನ್ನು ಗುಡಿಸಿ, ಸುಟ್ಟು, ನೀರು ಚಿಮುಕಿಸಿ ಇದ್ದಿಲು ಮಾಡಿಟ್ಟುಕೊಳ್ಳುತ್ತಾರೆ. ಚರಾರ್-ಎ-ಶರೀಫ್ ಕಡೆಯ ಕಾಂಗ್ಡಿ ಅಂದರೆ ಅವರಿಗೆ ಇಳಕಲ್ ಸೀರೆ ಇದ್ದ ಹಾಗೆ. ಫೆರನ್ ಎಂಬ ಉದ್ದ ಅಂಗಿಯೊಳಗೆ ಅದನ್ನು ಹಿಡಿದುಕೊಂಡೇ ಓಡಾಡುತ್ತಾರೆ. ಖಾಲಿ ತೋಳು ಪಕ್ಕದಲ್ಲಿ ಜೋತಾಡುತ್ತಿರುತ್ತದೆ. ಮೊದಲ ಸಲ ನೋಡಿದಾಗ ನಾನು ಕೈಯಿಲ್ಲದವರು ಅಂತ ತಿಳಿದಿದ್ದೆ. ಹಾಸಿಗೆಗೂ ತೆಗೆದುಕೊಂಡು ಹೋಗುತ್ತಾರೆ. ಮಗ್ಗುಲು ಬದಲಿಸುವಾಗ ಮಗುಚದ ಹಾಗೆ ಮಲಗೋದು ಚಿಕ್ಕಂದಿನಿಂದ ಕಲಿತ ವಿದ್ಯೆ. ನಮ್ಮ ಒಬ್ಬ ಹುಡುಗ ಪ್ರಯತ್ನ ಮಾಡಿ ಕಂಬಳಿ ಸುಟ್ಟುಕೊಂಡ, ಹತ್ತು ದಿನ ಎಲ್ಲರ ಬಾಯಿಗೆ ಸಿಕ್ಕ.

ನರ್ಸಮ್ಮ

ಸುಬೇದಾರ್ ಸಾರ್ ಹೇಳಿದ್ದಕ್ಕೆ ಇನ್ನೊಂದು ಮುಖವೂ ಇದೆ. ಕಾಂಗ್ಡಿಯ ಕಾವು ವರ್ಷಗಟ್ಟಲೆ ತೊಡೆಗೆ, ಹೊಟ್ಟೆಗೆ ಬಿದ್ದು ಅಲ್ಲಿನ ಚರ್ಮದಲ್ಲಿ ಕ್ಯಾನ್ಸರ್ ಆಗುತ್ತದೆ. ಅದಕ್ಕೆ ಕಾಂಗ್ಡಿ ಕ್ಯಾನ್ಸರ್ ಅಂತಲೇ ಹೆಸರು. 1866ರಲ್ಲೇ ಎಲ್ಮ್‌ಸ್ಲಿ ಎಂಬ ಮಿಷನರಿ ಡಾಕ್ಟರ್ ಇದನ್ನು ಬರೆದಿಟ್ಟರು. ಮೊದಲು ಕಾಣೋದು ಬಲೆಯ ಹಾಗೆ ಕಂದು ಗೆರೆ. ಲ್ಯಾಪ್‌ಟಾಪನ್ನು ಗಂಟೆಗಟ್ಟಲೆ ತೊಡೆಯ ಮೇಲೆ ಇಟ್ಟುಕೊಳ್ಳುವವರಲ್ಲೂ, ದಿನಾ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುವವರಲ್ಲೂ ಅದೇ ಬಲೆ ನೋಡಿದ್ದೇನೆ.

ಗೌಡ್ತಿ ಅಕ್ಕ, ಬಾಣಂತಿ ಕೋಣೆಯ ಕೆಂಡದ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ, ಹೇಳಲೇಬೇಕು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಹೊಗೆ ಕಾಣುವುದಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಳಿಗಾಲ ಬಂತೆಂದರೆ ಇಂಥ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ನನ್ನ ಮನೆಯದ್ದೇ ಒಂದು ಹೇಳುತ್ತೇನೆ. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ, ಹದಿನೈದು ವರ್ಷದ್ದು. ಪಾದದಲ್ಲಿ ಸ್ಪರ್ಶ ಕಮ್ಮಿ. ನಾನು ನೈಟ್ ಡ್ಯೂಟಿಗೆ ಹೋದ ದಿನ ಕಾಲು ತಣ್ಣಗಿದೆ ಅಂತ ಮನೆಯವರು ರಬ್ಬರ್ ಬ್ಯಾಗಿಗೆ ಕುದಿಯುವ ನೀರು ತುಂಬಿ ಪಾದದ ಕೆಳಗೆ ಇಟ್ಟರು. ಬಟ್ಟೆ ಸುತ್ತಲಿಲ್ಲ. ಅವರಿಗೆ ಹಿತವಾಗಿತ್ತಂತೆ, ಹಾಗೇ ನಿದ್ದೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. ನೋವೇ ಇಲ್ಲ ಅಂತ ನಗುತ್ತಿದ್ದರು. ಆ ನಗು ನೋಡಿ ನನಗೆ ಅಳು ಬಂತು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಮನೆಯಲ್ಲೇ ನರ್ಸ್ ಇದ್ದೂ!

ದಯವಿಟ್ಟು ಕುದಿಯುವ ನೀರು ಹಾಕಬೇಡಿ. ಮುಕ್ಕಾಲಿಗಿಂತ ಕಮ್ಮಿ ತುಂಬಿ, ಗಾಳಿ ಹೊರಗೆ ಒತ್ತಿ ಮುಚ್ಚಳ ಹಾಕಿ. ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆಯವರಿಗೆ, ಎಳೆ ಮಕ್ಕಳಿಗೆ ಹಾಸಿಗೆ ಬಿಸಿ ಮಾಡಿ, ಅವರು ಮಲಗುವ ಮುಂಚೆ ಬ್ಯಾಗ್ ಹೊರಗೆ ತೆಗೆಯಿರಿ.

ಕಾವೇರಿದಂಡೆ

ಓದಿ ಸಂಕಟವಾಯಿತು ಅಕ್ಕ. ಮಾವನವರು ಈಗ ಹೇಗಿದ್ದಾರೆ?

ಇಲ್ಲಿ ಮಾರುವ ರಬ್ಬರ್ ಬ್ಯಾಗುಗಳ ಕುತ್ತಿಗೆಯ ಹತ್ತಿರ ಹೂವಿನ ಗುರುತೊಂದಿದೆ. ನಾನು ಡಿಸೈನ್ ಅಂದುಕೊಂಡಿದ್ದೆ. ನಡುವಿನ ಅಂಕಿ ತಯಾರಾದ ವರ್ಷವಂತೆ, ಹನ್ನೆರಡು ಎಸಳು ಅಂದರೆ ಹನ್ನೆರಡು ತಿಂಗಳು. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ನನ್ನದು ನೋಡಿದೆ, 2014ರದ್ದು! ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು. ನೇರ ಕಸದ ಬುಟ್ಟಿಗೆ ಹೋಯಿತು.

ನರ್ಸಮ್ಮ

ಚೆನ್ನಾಗಿದ್ದಾರೆ. ಈಗ ಉಣ್ಣೆ ಕಾಲುಚೀಲ ಹಾಕಿ ಮಲಗುತ್ತಾರೆ, ದಿನಾ ನನ್ನನ್ನು ಬೈಯುತ್ತಾರೆ.

ಒಸಾಕಾ ಒಗ್ಗರಣೆ

ಜಪಾನಿನಿಂದ ಹಾಜರಿ. ಇಲ್ಲಿ ಇದಕ್ಕೆ ಯುತಾನ್‌ಪೊ ಅಂತಾರೆ. ಆಮೆಯ ಚಿಪ್ಪಿನ ಹಾಗೆ ಅಂಡಾಕಾರ, ಮೈತುಂಬಾ ಅಲೆ ಅಲೆ ಮಡಿಕೆ. ಹಳೆಯವು ತಗಡಿನವು, ಮಣ್ಣಿನವು. ಯುದ್ಧದ ಕಾಲದಲ್ಲಿ ಲೋಹ ಸಿಗದೆ ಮಣ್ಣಿನವೇ ಜಾಸ್ತಿಯಾದವು. ಈಗ ಪ್ಲಾಸ್ಟಿಕ್.

ಹೆಸರಿನ ಕತೆ ಚೆನ್ನಾಗಿದೆ. ಚೀನೀ ಭಾಷೆಯಲ್ಲಿ ‘ತಾಂಗ್’ ಅಂದರೆ ಬಿಸಿನೀರು, ‘ಪೊ’ ಅಂದರೆ ಮುದುಕಿ, ಹೆಂಡತಿ ಅಂತಲೂ ಆಗುತ್ತದೆ. ಬಿಸಿನೀರಮ್ಮ ಅನ್ನಿ. ಸುಮಾರು ಒಂಬೈನೂರು ವರ್ಷದ ಹಿಂದಿನ ಸಾಂಗ್ ಕಾಲದ ಕವಿ ಹುವಾಂಗ್ ತಿಂಗ್‌ಜಿಯಾನ್ ಇದನ್ನೇ ‘ಕಾಲಿನ ಅಜ್ಜಿ’ ಅಂತ ಕರೆದು ತಮಾಷೆಯ ಪದ್ಯ ಬರೆದಿದ್ದಾನೆ. ಜಪಾನಿಗೆ ಬಂದಾಗ ಇಲ್ಲಿನವರಿಗೆ ‘ತಾಂಗ್’ ಏನಂತ ಗೊತ್ತಾಗಲಿಲ್ಲವೋ ಏನೋ, ಮುಂದೆ ತಮ್ಮದೇ ‘ಯು’ ಸೇರಿಸಿದರು. ಅದೂ ಬಿಸಿನೀರೇ. ಬಿಸಿನೀರು ಬಿಸಿನೀರಮ್ಮ! ನಾವು ನಡುಮಧ್ಯೆ ಅನ್ನುವ ಹಾಗೆ.

ನಮ್ಮ ಮನೆ ಮಾಲೀಕಮ್ಮ ಬೆಳಿಗ್ಗೆ ಅದರ ನೀರನ್ನು ಚೆಲ್ಲುವುದಿಲ್ಲ. ಉಗುರುಬೆಚ್ಚಗಿರುತ್ತದಲ್ಲ, ಅದರಲ್ಲೇ ಮುಖ ತೊಳೆಯುತ್ತಾರೆ. ಅವರ ಅಮ್ಮನೂ ಹಾಗೇ ಮಾಡುತ್ತಿದ್ದರಂತೆ.

ಲೆಕ್ಕದಮೇಷ್ಟ್ರು

ಮುಖ ತೊಳೆಯುವ ಲೆಕ್ಕ ನನಗೆ ಬಹಳ ಹಿಡಿಸಿತು.

ಇನ್ನೊಂದು ಬಿಟ್ಟುಹೋಗಿತ್ತು. ಬ್ರಿಟನ್ನಿನ ರೈಲು ಡಬ್ಬಿಗಳಲ್ಲಿ ಹೀಟರ್ ಇಲ್ಲದ ಕಾಲದಲ್ಲಿ ಪ್ರಯಾಣಿಕರ ಕಾಲಡಿಗೆ ಬಿಸಿನೀರು ತುಂಬಿದ ಚಪ್ಪಟೆ ಡಬ್ಬ ಕೊಡುತ್ತಿದ್ದರು. ಬೇಗ ತಣ್ಣಗಾಗುತ್ತಿತ್ತು. 1880ರ ದಶಕದಲ್ಲಿ ನೀರಿನ ಬದಲು ಸೋಡಿಯಂ ಅಸಿಟೇಟ್ ಉಪ್ಪು ತುಂಬಿದರು. ಅದು 58 ಡಿಗ್ರಿಯಲ್ಲಿ ಕರಗುತ್ತದೆ. ಮತ್ತೆ ಹರಳುಗಟ್ಟುವಾಗ ಹೀರಿಕೊಂಡ ಶಾಖವನ್ನೆಲ್ಲ ವಾಪಸ್ ಕೊಡುತ್ತದೆ. ಕೆಲವೊಮ್ಮೆ ಹರಳುಗಟ್ಟದೆ ಹಾಗೇ ಕೂತರೆ ಡಬ್ಬ ಅಲ್ಲಾಡಿಸುತ್ತಿದ್ದರು. ಈಗ ಒಳಗಿನ ಬಿಲ್ಲೆಯನ್ನು ಟಿಕ್ ಅನ್ನಿಸಿದರೆ ಬಿಸಿಯಾಗುವ ಜೆಲ್ ಪ್ಯಾಕ್ ಬರುತ್ತದಲ್ಲ, ಅದರೊಳಗೆ ಇರೋದೂ ಇದೇ ಉಪ್ಪು.

ತೀರ್ಥಹಳ್ಳಿ ತಿರುಕ

ಎಲ್ಲ ಸರಿ, ಒಂದು ಪ್ರಶ್ನೆ ಉಳಿಯಿತು. ಅಲ್ಲಿ ಈ ಬ್ಯಾಗು ಹಾಸಿಗೆಯ ಸಾಮಾನು, ದಿಂಬಿನ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಥರ್ಮಾಮೀಟರ್ ಪಕ್ಕ ಇರುತ್ತದೆ. ಮಡಿಕೇರಿ, ಆಗುಂಬೆಯಲ್ಲೂ ಅಷ್ಟೇ. ಯಾಕೆ?

ಸುಬೇದಾರ ಮಡಿಕೇರಿ

ನಮ್ಮಲ್ಲಿ ಕಾವು ಕೊಡೋದು ನೋವಿಗೆ. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುತ್ತಿದ್ದರು, ಇಟ್ಟಿಗೆ ಬಿಸಿ ಮಾಡಿ ಸುತ್ತಿ ಇಡುತ್ತಿದ್ದರು. ಬ್ಯಾಗು ಬಂದು ಆ ಉಪ್ಪಿನ ಗಂಟಿನ ಜಾಗದಲ್ಲಿ ಕೂತಿತು. ಚಳಿಗೆ ಕಂಬಳಿ, ಒಲೆ, ಸ್ವಲ್ಪ ಒಳಗಿನಿಂದ ಕಾವು ಇದ್ದೇ ಇತ್ತು. ಕೊನೆಯದ್ದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಮನೆಯವಳು ಈ ಗುಂಪಿನಲ್ಲಿದ್ದಾಳೆ.

ಹಿತ್ತಾಳೆಹುಚ್ಚ

ಸುಬೇದಾರರ ಮಾತು ನೂರಕ್ಕೆ ನೂರು. ಅದಕ್ಕೆ ಇನ್ನೊಂದು ಸೇರಿಸಿ: ಬ್ರಿಟನ್ನಿನಲ್ಲಿ 1970ರಲ್ಲೂ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಸೆಂಟ್ರಲ್ ಹೀಟಿಂಗ್ ಇರಲಿಲ್ಲ. ಬೆಂಕಿ ಇದ್ದದ್ದು ಕೂರುವ ಕೋಣೆಯಲ್ಲಿ, ಮಲಗುವ ಕೋಣೆ ಬರ್ಫದ ಪೆಟ್ಟಿಗೆ. ವಿದ್ಯುತ್ ಕಂಬಳಿ 1912ರಲ್ಲೇ ಅಮೆರಿಕದಲ್ಲಿ ಬಂದಿತ್ತು. ಆದರೂ ಕರೆಂಟ್ ಬಿಲ್ ಏರಿದಾಗಲೆಲ್ಲ ಜನ ಕೆಟಲಿನ ಹತ್ತಿರ ವಾಪಸ್ ಬರುತ್ತಾರೆ.

ಕಾವೇರಿದಂಡೆ ಅವರೇ, ಜಾಡಿ ಬಳಸುವುದಾದರೆ ಮೊದಲು ಉಗುರುಬೆಚ್ಚಗಿನ ನೀರು ಹಾಕಿ ತೊಳೆಯಿರಿ. ತಣ್ಣಗಿರುವ ಕಲ್ಲುಜಾಡಿಗೆ ಏಕಾಏಕಿ ಬಿಸಿನೀರು ಸುರಿದರೆ ಸೀಳು ಬಿಡಬಹುದು. ಮುಚ್ಚಳದ ರಬ್ಬರ್ ವಾಷರ್ ನೋಡಿ, ಅದು ಸತ್ತಿರುತ್ತದೆ.

ಕಾವೇರಿದಂಡೆ

ಸತ್ತೇ ಇತ್ತು, ಮುಟ್ಟಿದರೆ ಚಕ್ಕುಲಿಯ ಹಾಗೆ ಮುರಿಯಿತು. ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ನಲ್ಲಿಯ ವಾಷರ್ ತಂದೆ, ಎರಡನೇ ಸೈಜು ಸರಿಯಾಗಿ ಕೂತಿತು. ಸಿಂಕಿನ ಮೇಲೆ ಒಂದು ಗಂಟೆ ತಲೆಕೆಳಗಾಗಿಟ್ಟು ಪರೀಕ್ಷೆ ಮಾಡಿದೆ. ಒಂದು ಹನಿ ಇಲ್ಲ.

ನಿನ್ನೆ ರಾತ್ರಿ ಹೊರಗೆ ಮೈನಸ್ ಎರಡು. ಹತ್ತು ಗಂಟೆಗೆ ತುಂಬಿ, ಅಮ್ಮನ ಹಳೇ ಸೀರೆಯ ತುಂಡು ಸುತ್ತಿ, ಹಾಸಿಗೆಯ ನಡುವೆ ಇಟ್ಟೆ. ಅರ್ಧ ಗಂಟೆ ಬಿಟ್ಟು ಕಾಲಿನ ಕಡೆಗೆ ತಳ್ಳಿ ಮಲಗಿದೆ. ರಬ್ಬರಿನ ಹಾಗೆ ಮೆತ್ತಗಿಲ್ಲ, ಒಮ್ಮೆ ಕಾಲುಬೆರಳು ಬಡಿದು ನಕ್ಷತ್ರ ಕಂಡವು. ಆದರೆ ಮಣ್ಣಿನ ಕಾವು ಬೇರೆ ಥರ, ನಿಧಾನ. ಮಧ್ಯರಾತ್ರಿ ಎಚ್ಚರವಾದಾಗಲೂ ಬೆಚ್ಚಗಿತ್ತು.

ಬೆಳಿಗ್ಗೆ ಆರೂವರೆಗೆ ಬಿರಡೆ ತಿರುಗಿಸಿದೆ. ಸಣ್ಣಗೆ ಹಬೆ. ಒಸಾಕಾದ ಮಾಲೀಕಮ್ಮನ ನೆನಪಾಗಿ ಆ ನೀರನ್ನು ಬೋಗುಣಿಗೆ ಬಗ್ಗಿಸಿಕೊಂಡು ಮುಖ ತೊಳೆದೆ.